ಬೊಂಬೆಗೆ ಹಚ್ಚಿದ ಮುಲಾಮು

ಬಟ್ಟೆ ಅಂಗಡಿಯ ಷೋಕೇಸಿನ ಬೊಂಬೆಗಳಿಗೆ ಉಡುಪು ತೊಡಿಸುವವನನ್ನು ಎಲ್ಲರೂ ಷೋಕೇಸಪ್ಪ ಎಂದೇ ಕರೆಯುತ್ತಿದ್ದರು. ಆ ದಿನದ ಫಜೀತಿಗೆಲ್ಲ ಕಾರಣ ಹೊಸ ಬೊಂಬೆಯ ರಬ್ಬರ್ ಕೈ. ಉಗುರು, ನರ, ಗೆಣ್ಣಿನ ಸುಕ್ಕು ಸಮೇತ ಥೇಟ್ ಮನುಷ್ಯರ ಕೈ; ಬೇಕೆಂದಾಗ ಕಳಚಿ ಜೋಡಿಸಬಹುದಿತ್ತು.

ಬೊಂಬೆಗೆ ತೊಡಿಸಬೇಕಾದ ಕೋಟಿನ ತೋಳು ಮುದುಡಿತ್ತು. ಷೋಕೇಸಪ್ಪ ಅದನ್ನು ಮೇಜಿನ ಮೇಲೆ ಹರಡಿ, ಬಟ್ಟೆ ಬಿಗಿಯಾಗಿ ನಿಲ್ಲಲೆಂದು ಭುಜದ ಕಡೆಯಿಂದ ತನ್ನ ಕೈ ತೂರಿಸಿ, ತುದಿಯಲ್ಲಿ ಸಿಕ್ಕಿಸಿದ್ದ ಬೊಂಬೆಯ ಕೈಯನ್ನು ಒಳಗಿನಿಂದ ಹಿಡಿದುಕೊಂಡ. ಇಸ್ತ್ರಿಯಣ್ಣ ತೋಳಿನುದ್ದಕ್ಕೂ ಇಸ್ತ್ರಿ ಪೆಟ್ಟಿಗೆ ಓಡಿಸಿದ. ಕೈಗೆ ಹಿತವಾದ ಬಿಸಿ. ಹೊರಗೆ ಚಾಚಿದ್ದ ರಬ್ಬರ್ ಬೆರಳುಗಳನ್ನೇ ತನ್ನವೆಂಬಂತೆ ನೋಡುತ್ತಾ ಷೋಕೇಸಪ್ಪ ಮೈಮರೆತ. ಅಷ್ಟರಲ್ಲಿ ಪೆಟ್ಟಿಗೆ ಜಾರಿ ಆ ಬೆರಳುಗಳ ಮೇಲೇ ಕೂತಿತು.

“ಅಯ್ಯಯ್ಯೋ, ಸತ್ತೆ!”

ಕ್ಯಾಶಿಯರಮ್ಮ ಮುಲಾಮಿನ ಟ್ಯೂಬ್ ಹಿಡಿದು ಓಡಿ ಬಂದರು. ಇದ್ದಬದ್ದದ್ದನ್ನೆಲ್ಲ ಹಿಂಡಿ ಬಳಿದು, ಪಟ್ಟಿ ಸುತ್ತಿ ಬಿಗಿಯಾಗಿ ಎಳೆದರು. ಕೈ ಕಳಚಿ ಅವರ ಕೈಗೇ ಬಂತು! ಅವರು ಕಿರುಚಿದ ರಭಸಕ್ಕೆ ಗಿರಾಕಿಗಳೆಲ್ಲ ರಸ್ತೆಗೆ ಓಡಿದರು.

ಷೋಕೇಸಪ್ಪ ತೋಳಿನಿಂದ ತನ್ನ ಕೈ ಎಳೆದು ನೋಡಿದ. ಒಂದು ಗುಳ್ಳೆಯೂ ಇಲ್ಲ. ಉರಿಯೂ ಮಾಯ.

ಯಜಮಾನರು ಮಾತ್ರ ಕೆಂಡವಾದರು. “ಇನ್ನೊಂದ್ಸಲ ಕೂಗಿದ್ರೆ ನೀನು ಗೋಡೌನ್‌ಗೆ! ಅಲ್ಲಿ ಇಲಿಗಳಿಗೆ ಕೋಟು ಹಾಕ್ಕೊಂಡು ಕೂತಿರು.”

ಗೋಡೌನೆಂದರೆ ಕಿಟಕಿಯಿಲ್ಲದ ಕೋಣೆ, ದಿನವಿಡೀ ಮೂಟೆ ಎತ್ತುವ ಕೆಲಸ. ಷೋಕೇಸಪ್ಪ ಪಕ್ಕದ ಔಷಧಿ ಅಂಗಡಿಗೆ ಓಡಿ ಅಳಲು ತೋಡಿಕೊಂಡ. ಅಲ್ಲಿಯವರು ಧೈರ್ಯ ಹೇಳಿದರು: “ನೋವು ಹುಟ್ಟೋದು ಕೈಯಲ್ಲಲ್ಲಪ್ಪಾ, ತಲೇಲಿ. ಕೈ ಸುದ್ದಿ ಕಳಿಸುತ್ತೆ, ಕಣ್ಣು ಚಾಡಿ ಹೇಳುತ್ತೆ, ಎರಡೂ ಕೇಳಿ ತಲೆ ತೀರ್ಮಾನ ಮಾಡುತ್ತೆ. ಇವತ್ತು ಚಾಡಿ ಗೆದ್ದಿದೆ. ಮುಂದಿನ ಸಲ ಕಣ್ಣು ಮುಚ್ಕೊಂಡ್ಬಿಡು.”

ಸಂಜೆ ಕೋಟಿನ ಇನ್ನೊಂದು ತೋಳಿನ ಸರದಿ. ಯಜಮಾನರೇ ಎದುರು ಬಂದು ನಿಂತರು. ಬೊಂಬೆ ಕೈಯನ್ನು ಇಸ್ತ್ರಿಯಣ್ಣನೇ ತುದಿಗೆ ಸಿಕ್ಕಿಸುತ್ತಾನೆಂದುಕೊಂಡು ಷೋಕೇಸಪ್ಪ ಕಣ್ಣು ಬಿಗಿಯಾಗಿ ಮುಚ್ಚಿ ಕೈ ತೂರಿಸಿದ. ಇಸ್ತ್ರಿಯಣ್ಣ ಯಜಮಾನರ ಮುಖವನ್ನೇ ನೋಡುತ್ತಾ ಪೆಟ್ಟಿಗೆ ಓಡಿಸಿದ. ಹಿತವಾದ ಬಿಸಿ ಮುಂದೆ ಮುಂದೆ ಸಾಗಿ ಬೆರಳಿಗೆ ಚುರ್ರೆಂದಿತು. ‘ಎಲಾ ತಲೆಯೇ, ಕಣ್ಣು ಮುಚ್ಚಿದರೂ ಸುಳ್ಳು ಹೇಳ್ತೀಯಾ!’ ಎಂದುಕೊಂಡ ಷೋಕೇಸಪ್ಪ ಹಲ್ಲು ಕಚ್ಚಿ ನಗುಮುಖ ಮಾಡಿದ.

“ಪರವಾಗಿಲ್ಲ, ಸುಧಾರಿಸಿದ್ದೀಯ,” ಎಂದು ಯಜಮಾನರು ಹೊರಟರು.

ಅವನು ಗೆದ್ದ ಖುಷಿಯಲ್ಲಿ ಕಣ್ಣು ತೆರೆದ. ತೋಳಿನಾಚೆ ಇಣುಕಿದ್ದ ಬೆರಳುಗಳಿಗೆ ಪಟ್ಟಿ ಇರಲಿಲ್ಲ. ಅವನದೇ ಉಂಗುರ ಇತ್ತು.

“ಅಣ್ಣಾ, ಬೊಂಬೆ ಕೈ ಎಲ್ಲಿ?”

“ಪಟ್ಟಿ ದಪ್ಪ ಆಗಿ ತೋಳೊಳಗೆ ಹೋಗ್ಲಿಲ್ಲ. ಸ್ಟೂಲ್ ಮೇಲಿಟ್ಟೆ. ಯಾಕೆ?”

ಆಗ ಹೊರಟ ಕೂಗಿಗೆ ಷೋಕೇಸಿನ ಗಾಜು ನಡುಗಿತು. ಯಾರೂ ತಲೆಯೆತ್ತಲಿಲ್ಲ. ಯಜಮಾನರು ತಿರುಗಿಯೂ ನೋಡದೆ, “ನಡಿ ಗೋಡೌನ್‌ಗೆ,” ಎಂದರು.

“ಅಮ್ಮಾ, ಮುಲಾಮು ಕೊಡೀ!”

“ಎಲ್ಲಿಂದ ಕೊಡ್ಲಿ? ಬೆಳಿಗ್ಗೆ ಪೂರ್ತಿ ಅದಕ್ಕೇ ಹಚ್ಚಿದ್ನಲ್ಲ,” ಎಂದರು ಕ್ಯಾಶಿಯರಮ್ಮ ಕೂತಲ್ಲಿಂದಲೇ.

ಷೋಕೇಸಪ್ಪ ಸ್ಟೂಲಿನ ಬಳಿ ಕುಕ್ಕರಿಸಿ ರಬ್ಬರ್ ಕೈಯ ಪಟ್ಟಿ ಬಿಚ್ಚಿದ. ಅಂಟಿದ್ದ ಮುಲಾಮನ್ನು ಕೆರೆದು ಕೆರೆದು ತನ್ನ ಬೆರಳಿಗೆ ಬಳಿದುಕೊಂಡ. ಅಬ್ಬಾ! ಉರಿ ತಣ್ಣಗಾಯಿತು. ಇನ್ನೂ ಸ್ವಲ್ಪ ಮುಲಾಮು ಉಳಿದಿದ್ದ ಆ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೋಡೌನಿನ ಕಡೆ ನಡೆದ.