ಉಗುರಗಲದ ಬೆಳಕು

ಹೊಸ ದೀಪ ಮಾಡಲು ಹೊರಟವನಿಗೆ ಫಜೀತಿಗಳಿಗೆ ಬರವಿಲ್ಲ; ಕರೆಯದಿದ್ದರೂ ಬರುತ್ತವೆ, ಬಂದರೆ ಕಾಲು ಚಾಚಿ ಕೂತೇಬಿಡುತ್ತವೆ. ಎರಡು ಸಾವಿರದ ಇಸವಿಯ ಆಚೀಚೆ ನಾನು ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಗಾಜಿನ ಮೇಲೆ ಸಾವಯವ ರಾಸಾಯನಿಕದ ತೆಳುಪದರ ಕೂಡಿಸಿ, ತುಸುವೇ ಕರೆಂಟು ಕೊಟ್ಟರೆ ಗಾಜೇ ಬೆಳಗಬೇಕು. ಮುಂದೊಂದು ದಿನ ಮನೆಯ ಗೋಡೆಗೆ ಗೋಡೆಯೇ ಹೀಗೆ ತಣ್ಣಗೆ ಬೆಳಗುತ್ತದೆ ಎಂದು ಹುಬ್ಬಳ್ಳಿಯಲ್ಲಿದ್ದ ಅವ್ವನಿಗೆ ಹೇಳಿದ್ದೆ. ಗೋಡೆ ಹೋಗಲಿ, ಉಗುರಗಲದ್ದನ್ನಾದರೂ ಒಮ್ಮೆ ತೋರಿಸು ಎಂದು ಅವಳ ಹಟ. ನನಗೂ ಅದೊಂದೇ ಆಸೆ.

ಖಂಡೆ ಪೂಜೆ

ಈ ದೀಪಕ್ಕೂ ತೇವಕ್ಕೂ ಹಾವು ಮುಂಗುಸಿ ಸಂಬಂಧ. ಗಾಳಿಯ ಪಸೆ ತಾಗಿದರೂ ಸಾಕು, ಕಪ್ಪು ಚುಕ್ಕೆ ಬಿದ್ದು ಸತ್ತುಹೋಗುತ್ತದೆ. ನಮ್ಮ ಪ್ಯೂನ್ ಕಾಕಾನಿಗೆ ಇದನ್ನು ಬಿಡಿಸಿ ಬಿಡಿಸಿ ಹೇಳಿದ್ದೆ. ದಸರೆಯಲ್ಲಿ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಮುಂಜಾನೆ ಬಂದು ನೋಡಿದರೆ ಪದರ ಕೂಡಿಸುವ ಯಂತ್ರಕ್ಕೆ ಚೆಂಡುಹೂವಿನ ಹಾರ. ತೇವ ತಾಗದಂತೆ ಗಾಜುಗಳನ್ನಿಟ್ಟಿದ್ದ ಡಬ್ಬಿಯ ಮುಚ್ಚಳ ತೆಗೆದಿದೆ, ನನ್ನ ಗಾಜುಗಳ ಮೇಲೆಲ್ಲ ಹನಿ.

"ಕಾಕಾ, ನೀರು ತಾಗಿದ್ರ ಕೆಡ್ತಾವ ಅಂತ ಹೇಳಿದ್ದಿಲ್ಲೇನ್ರಿ?"

"ನೀರಲ್ರೀ ಸರ್, ತೀರ್ಥ."

ಹೆಣ್ಣಿನ ಕಡೆಯವರು

ಉಪ್ಪಿನಬೆಟಗೇರಿಯಿಂದ ಹೆಣ್ಣಿನ ತಂದೆ ನಮ್ಮ ಮನೆ ನೋಡಲು ಬಂದರು. ಅವ್ವ ಉಪ್ಪಿಟ್ಟು ಕೊಟ್ಟು, "ಇವಾ ದೀಪಾ ಮಾಡ್ತಾನ್ರಿ" ಎಂದಳು.

"ಛಲೋ ಆತು. ಎಷ್ಟ ದೊಡ್ಡದ್ರಿ?"

"ಉಗುರಿನಷ್ಟು" ಎಂದೆ.

"ಎಷ್ಟೊತ್ತು ಉರೀತೈತಿ?"

"ಒಮ್ಮೊಮ್ಮೆ ಒಂದ್ ನಿಮಿಷ ಉರೀತೈತ್ರಿ."

"ಎಷ್ಟ ವರ್ಷ ಆತ್ರಿ ಮಾಡಾಕ ಹತ್ತಿ?"

"ನಾಲ್ಕು."

ಅವರು ತಟ್ಟೆ ಕೆಳಗಿಟ್ಟು ಅವ್ವನ ಕಡೆ ತಿರುಗಿದರು. "ಉಪ್ಪಿಟ್ಟು ಭಾಳ ಛಲೋ ಆಗೇತ್ರಿ ಅಕ್ಕಾರ" ಎಂದು ಎದ್ದರು. ಹೆಣ್ಣನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಆ ಫೋಟೋವನ್ನೂ ಇನ್ನೊಮ್ಮೆ ನೋಡಿ ವಾಪಸು ಕೊಟ್ಟೆ.

ಅವ್ವ ಬಂದಳು

ಪ್ರಾಜೆಕ್ಟು ಮುಗಿದು, ಯಂತ್ರವನ್ನು ಬಿಚ್ಚಿ ಒಯ್ಯುವ ಹೊತ್ತಿಗೆ ಜೀವಂತ ಉಳಿದದ್ದು ಒಂದೇ ಗಾಜು. ಅವ್ವನಿಗೆ ಹೇಳಿ ಕಳಿಸಿದೆ. ಇಳಕಲ್ ಸೀರೆ ಉಟ್ಟು ಬಸ್ಸಿನಲ್ಲಿ ಬಂದಳು, ಚಪ್ಪಲಿ ಹೊರಗೇ ಬಿಟ್ಟು ಒಳಗೆ ಕಾಲಿಟ್ಟಳು. ಕಿಟಕಿ ಮುಚ್ಚಿ, ಗಾಜಿನ ಎದುರಿಗೇ ಅವಳನ್ನು ಕೂಡ್ರಿಸಿ ಸ್ವಿಚ್ ಒತ್ತಿದೆ.

ಹತ್ತಿತು. ಭತ್ತದ ಸಸಿಯಂಥ ಹಸಿರು. ನಾಲ್ಕು ವರ್ಷದಲ್ಲಿ ಅಷ್ಟು ಚೆಂದ ಅದು ಎಂದೂ ಹತ್ತಿರಲಿಲ್ಲ. "ಅವ್ವಾ, ನೋಡು" ಎಂದು ತಿರುಗಿದೆ.

ನಮ್ಮ ಮನೆಯಲ್ಲಿ ದೀಪ ಹತ್ತಿದ ಕೂಡಲೆ, ಅದು ಬಲ್ಬೇ ಇರಲಿ, ಕಣ್ಣು ಮುಚ್ಚಿ ಕೈ ಮುಗಿಯುವುದು ಪದ್ಧತಿ. ಅವ್ವ ಹಾಗೇ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ತುಟಿ ಪಿಟಿಪಿಟಿ ಅಲುಗುತ್ತಿತ್ತು. ದೇವರ ಜೊತೆ ಮಾತಾಡುವವಳನ್ನು ಅಲುಗಾಡಿಸಿ ಎಬ್ಬಿಸುವುದು ಹೇಗೆ? ನೋಡನೋಡುತ್ತ ಹಸಿರು ಮಂಕಾಯಿತು, ಚುಕ್ಕೆ ಬಿತ್ತು, ಆರಿತು. ಆಮೇಲೆ ಅವ್ವ ಕಣ್ಣು ತೆರೆದಳು.

"ಎಲ್ಲೈತೋ?"

"ಆರಿತವ್ವಾ. ಇನ್ನೊಂದಿಲ್ಲ."

ಬೇರೆ ಯಾರು ನೋಡದಿದ್ದರೂ ನಡೆಯುತ್ತಿತ್ತು, ಅವಳೊಬ್ಬಳು ನೋಡಬೇಕಿತ್ತು. ಸಿಟ್ಟು ತಡೆಯದೆ ಕೇಳಿದೆ, "ಅಷ್ಟೊತ್ತು ಏನ್ ಬೇಡ್ಕೊಳ್ಳಾಕತ್ತಿದ್ದೀ?"

ಅವ್ವ ಆರಿದ ಗಾಜನ್ನು ಸೆರಗಿನಿಂದ ಒರೆಸುತ್ತ ಅಂದಳು: "ಮತ್ತೇನು ಬೇಡ್ಲೋ? ನಿನ್ನ ದೀಪಾ ಭಾಳ ಹೊತ್ತು ಉರೀಲಿ ಅಂತ."