ಶಾಂತರಾಜು ಬೇಡ ಎಂದ ದಿನ

ಶಾಂತರಾಜುವಿಗೆ ‘ಬೇಡ’ ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ಗಂಟಲವರೆಗೆ ಬರುತ್ತಿತ್ತು, ಅಲ್ಲಿಂದಾಚೆಗೆ ಅದೇ ‘ಹೂಂ’ ಆಗಿ ಹೊರಬೀಳುತ್ತಿತ್ತು. ಮಿಕ್ಸಿ ರಿಪೇರಿ ಮಾಡಿಸಲು ಹೋದವನು ನೀರು ಶುದ್ಧ ಮಾಡುವ ಯಂತ್ರ ಹೊತ್ತು ತಂದಿದ್ದ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತದ್ದಕ್ಕೆ ಮೂರು ಬಾಚಣಿಗೆ ಕೊಂಡಿದ್ದ. ಅವನ ತಲೆಯಲ್ಲಿ ಒಂದು ಬಾಚಣಿಗೆಗೆ ಸಾಕಾಗುವಷ್ಟೂ ಕೂದಲು ಉಳಿದಿರಲಿಲ್ಲ.

ಆದ್ದರಿಂದ, ಹೊಸ ಕಾರು ತರಲು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೊರಟ ಶುಕ್ರವಾರ ಬೆಳಿಗ್ಗೆ ಹೆಂಡತಿ ಭಾನು ಅವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡಳು. ಅವಳು ಬೇಗೂರಿನ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಅವಳ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು.

“ರೀ, ಕಾರಿನ ದುಡ್ಡೆಲ್ಲ ಕಟ್ಟಾಗಿದೆ. ಕೀ ಈಸ್ಕೊಂಡು ಬರೋದಷ್ಟೇ ಇವತ್ತಿನ ಕೆಲಸ. ಬಣ್ಣ ಹಾಳಾಗದ ಹಂಗೆ ಕೋಟಿಂಗ್ ಹಾಕ್ತೀವಿ ಅಂತ ಕೇಳೇ ಕೇಳ್ತಾರೆ. ನಾನು ಓದಿ ನೋಡಿದೀನಿ, ಕಂಪನಿಯವರು ಹೊಡೆದಿರೋ ಬಣ್ಣವೇ ಸಾಕು. ಏನನ್ನಬೇಕು?”

“ಬೇಡ ಅನ್ನಬೇಕು.”

“ಇನ್ನೊಂದ್ಸಲ.”

“ಬೇಡ.”

“ನನ್ನ ಹತ್ರ ಅನ್ನೋಕೆ ಬರುತ್ತೆ. ಮದುವೆಯಾದ ಹದಿನೈದು ವರ್ಷದಲ್ಲಿ ಒಂದೇ ಒಂದು ಸಲ ಹೊರಗಿನವರ ಹತ್ರ ಆ ಮಾತು ಆಡಿ ಬನ್ನಿ. ನನಗೆ ಕಾರಿಗಿಂತ ಅದು ದೊಡ್ಡದು.”

ನಗುತ್ತಲೇ ಹೇಳಿದಳು. ಆದರೆ ಕಣ್ಣು ನಗುತ್ತಿರಲಿಲ್ಲ ಎಂಬುದನ್ನು ಶಾಂತರಾಜು ಗಮನಿಸಿದ.

ಪೂಜೆ ಮಾಡಲು ಭೀಮನಬೀಡಿನಿಂದ ಅವನ ತಾಯಿ ಚಿಕ್ಕಮಾದಮ್ಮ ಹಿಂದಿನ ದಿನವೇ ಬಂದಿದ್ದರು. ಸಲಹೆ ಕೊಡಲು ಪಕ್ಕದ ಮನೆಯ ಮಹಾಲಿಂಗ ಜೊತೆಗೆ ಹೊರಟ. ಅವನಿಗೆ ಸ್ವಂತ ಕಾರು ಇರಲಿಲ್ಲ; ಹಾಗಾಗಿ ಎಲ್ಲ ಕಾರುಗಳ ವಿಚಾರವನ್ನೂ ಸರಿಸಮನಾಗಿ ಬಲ್ಲವನಾಗಿದ್ದ.

ಶೋರೂಮಿನ ಮುಂದೆ ಕಾರು ಆಗಷ್ಟೇ ಸುಲಿದ ಮೊಟ್ಟೆಯಂತೆ ಬೆಳ್ಳಗೆ ನಿಂತಿತ್ತು. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಪೂಜೆ ಮುಗಿಯಲೇಬೇಕೆಂದು ಚಿಕ್ಕಮಾದಮ್ಮ ಎಲ್ಲರನ್ನೂ ಓಡಾಡಿಸಿದರು. ಗಾಳಿಗೆ ಹಾರಬಾರದೆಂದು ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ ತಂದಿದ್ದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕೊನೆಗೆ ಬಾನೆಟ್ಟಿಗೆ ಮೂರು ಬೊಟ್ಟು ಇಡಲು ಬಗ್ಗಿದರು. ಮಂಡಿ ಹಿಡಿಯಿತು. ಬೀಳುವಂತಾದವರು ಕುಂಕುಮದ ಕೈಯನ್ನೇ ಬಾನೆಟ್ಟಿನ ನಡುವೆ ಊರಿ ನಿಂತುಕೊಂಡರು. ಕೈ ತೆಗೆದಾಗ ಐದು ಬೆರಳು, ಅಂಗೈ, ಅದರ ಗೆರೆಗಳ ಸಮೇತ ಕೆಂಪಗೆ ಅಚ್ಚಾಗಿತ್ತು.

ಕಾರು ಮಾರಿದ ಸುನೀಲ್ ಕುಮಾರ್ ಒರೆಸಲು ಬಟ್ಟೆ ತೆಗೆದ.

“ಮುಟ್ಬ್ಯಾಡ ಕಣಪ್ಪ,” ಎಂದರು ಚಿಕ್ಕಮಾದಮ್ಮ. “ಅದು ಪೂಜೆ ಗುರ್ತು. ಗಾಡಿ ಮನೆ ಬಾಗ್ಲು ಮುಟ್ಟಗಂಟ ಅಳಿಸ್ಬಾರ್ದು.”

ಸುನೀಲ್ ಕುಮಾರ್ ಬಟ್ಟೆಯನ್ನು ಜೇಬಿಗಿಟ್ಟು, ಶಾಂತರಾಜುವಿನ ಭುಜದ ಮೇಲೆ ಕೈಹಾಕಿ ಒಳಗೆ ಕರೆದೊಯ್ದ. ಕಾರು ಬುಕ್ ಮಾಡಿದ ದಿನ ಇದೇ ಸುನೀಲ್ ಕುಮಾರ್, “ಬಣ್ಣ ಬಂಡೆ ಇದ್ದಂಗೆ ಸಾರ್, ಹತ್ತು ವರ್ಷ ತಿರುಗಿ ನೋಡ್ಬೇಡಿ” ಎಂದಿದ್ದ. ಇವತ್ತು ದನಿ ತಗ್ಗಿಸಿ ಹೇಳಿದ:

“ಬಣ್ಣ ಅನ್ನೋದು ಮಗು ಕೆನ್ನೆ ಇದ್ದಂಗೆ ಸಾರ್. ಧೂಳು ಬಿದ್ರೂ ಗೀಚುತ್ತೆ. ಅದಕ್ಕೇ ಕೋಟಿಂಗ್.”

ಮೇಜಿನ ಮೇಲೆ ಎರಡು ತಗಡಿನ ತುಂಡುಗಳನ್ನಿಟ್ಟ. ಒಂದಕ್ಕೆ ಕೋಟಿಂಗ್ ಆಗಿದೆ, ಇನ್ನೊಂದಕ್ಕಿಲ್ಲ ಎಂದ. ಎರಡರ ಮೇಲೂ ನೀರು ಸುರಿದ. ಎರಡರಿಂದಲೂ ನೀರು ಹನಿಹನಿಯಾಗಿ ಜಾರಿ ಹೋಯಿತು.

“ವ್ಯತ್ಯಾಸ ನೋಡಿದ್ರಾ?”

ಶಾಂತರಾಜುವಿಗೆ ಏನೂ ಕಾಣಲಿಲ್ಲ. ಕಾಣಲಿಲ್ಲವೆಂದರೆ ತನ್ನ ಕಣ್ಣಿನದೇ ದೋಷವಾದೀತೆಂದು “ಹೂಂ” ಎಂದ.

“ಎಂತಾ ವ್ಯತ್ಯಾಸ!” ಎಂದ ಮಹಾಲಿಂಗ.

“ಇದನ್ನ ಹಾಕಿದ್ರೆ ಬಣ್ಣಕ್ಕೆ ಐದು ವರ್ಷ ಏನೂ ಆಗಲ್ಲ ಸಾರ್. ಒಂದೇ ವಿಚಾರ, ಕೋಟಿಂಗಿಗೆ ಏನೂ ಆಗದ ಹಂಗೆ ನೀವು ನೋಡ್ಕೋಬೇಕು. ಏಳು ದಿನ ನೀರು ತಾಗಿಸಬಾರದು. ಮರದ ಕೆಳಗೆ ನಿಲ್ಲಿಸಬಾರದು. ಬಿಸಿಲಲ್ಲೂ ನಿಲ್ಲಿಸಬಾರದು.”

ಬಣ್ಣವನ್ನು ಕೋಟಿಂಗು ಕಾಪಾಡುತ್ತದೆ, ಕೋಟಿಂಗನ್ನು ತಾನು ಕಾಪಾಡಬೇಕು. ಹಾಗಾದರೆ ಬಣ್ಣವನ್ನು ತಾನೇ ನೇರವಾಗಿ ಕಾಪಾಡಿದರೆ ಏನು ತೊಂದರೆ ಎಂಬ ಪ್ರಶ್ನೆ ಶಾಂತರಾಜುವಿನ ತಲೆಯಲ್ಲಿ ಎದ್ದಿತು. ಕೇಳಲು ಸರಿಯಾದ ಮಾತು ಹೊಂದಿಸಿಕೊಳ್ಳುವಷ್ಟರಲ್ಲಿ ಮಹಾಲಿಂಗ ನುಗ್ಗಿದ.

“ಯೋಚ್ನೆ ಯಾನ್ಲಾ ಮಾಡಿಯೇ? ಇಷ್ಟ್ ದೊಡ್ ಗಾಡಿ ತಗಂಡು ಮೈಮ್ಯಾಲೆ ಒಂದ್ ಅಂಗಿ ಇಲ್ದಂಗೆ ಊರಿಗ್ ಕರ್ಕಂಡೋದಿಯಾ?”

ಪಕ್ಕದ ಮೇಜಿನವರೂ ತಿರುಗಿ ನೋಡಿದರು. ಶಾಂತರಾಜು ಭಾನುವಿನ ಮುಖ ನೆನೆದುಕೊಂಡ. ‘ಬೇಡ’ ಹೊಟ್ಟೆಯಿಂದ ಎದೆಗೆ ಬಂತು, ಎದೆಯಿಂದ ಗಂಟಲಿಗೆ ಬಂತು.

“ಹಾಕಿಸ್ಬಿಡ್ಲಾ ಸಾರ್?”

“ಹೂಂ.”

ಫೋನಿನಿಂದ ಹದಿನೆಂಟು ಸಾವಿರ ಹೋದ ಸದ್ದು ಟಿಂಗ್ ಎಂದು ಕೇಳಿಸಿತು.

ಕಾರನ್ನು ಹಿಂದಿನ ಶೆಡ್ಡಿಗೆ ಒಯ್ದರು. ಅಲ್ಲಿ ಕೋಟಿಂಗ್ ಬಳಿಯುವ ಮಾರಯ್ಯ ಭೀಮನಬೀಡಿನವನೇ ಎಂದು ಚಿಕ್ಕಮಾದಮ್ಮ ಎರಡೇ ನಿಮಿಷದಲ್ಲಿ ಪತ್ತೆಮಾಡಿದರು. ಅವನೊಂದಿಗೆ ಕಾಫಿ ಕುಡಿದು, ಊರಿನ ಮದುವೆ ಸಾವುಗಳನ್ನೆಲ್ಲ ಮುಗಿಸಿಕೊಂಡು ಬಂದರು.

“ಗುರ್ತು ಅಳಿಸ್ಬ್ಯಾಡ ಕಣಪ್ಪ ಅಂತ ಏಳಿವ್ನಿ ಕಣ್ಲಾ ಮಗ. ನಮ್ಮೂರ್ ಹೆಣ್ಮಗಳು ನೀನು, ಜೋಪಾನ ಮಾಡ್ತಿನಿ ಬುಡಕ್ಕ ಅಂದ.”

ಶಾಂತರಾಜು ಅರ್ಧ ಕಿವಿಯಲ್ಲಿ “ಹೂಂ” ಎಂದ. ಉಳಿದ ಒಂದೂವರೆ ಕಿವಿ ಫೋನಿನ ಕಡೆಗಿತ್ತು. ಭಾನು ಕರೆ ಮಾಡಿದ್ದಳು.

“ಕೋಟಿಂಗ್ ಕೇಳಿದ್ರಾ?”

“ಕೇಳಿದ್ರು.”

“ಏನಂದ್ರಿ?”

ಶಾಂತರಾಜು ಸುತ್ತ ನೋಡಿದ. “ಬೇಡ ಅಂದೆ.”

“ನಿಜವಾಗ್ಲೂ?” ಅವಳ ದನಿ ಎಂದೂ ಇಲ್ಲದಷ್ಟು ಮೆತ್ತಗಾಗಿತ್ತು. “ಸಂಜೆ ಬರ್ತಾ ಮೈಸೂರ್ ಪಾಕ್ ತರ್ತೀನಿ.”

ಬೈದಿದ್ದರೆ ಅವನು ಇಷ್ಟು ಹೆದರುತ್ತಿರಲಿಲ್ಲ.

ಒಂದು ಗಂಟೆಗೆ ಕಾರು ಕೈಗೆ ಬಂತು. ಬಾನೆಟ್ಟಿನ ಮೇಲೆ ತಾಯಿಯ ಕೈ ಬೆಳಗಿಗಿಂತ ಕೆಂಪಗೆ ಹೊಳೆಯುತ್ತಿತ್ತು. ಕೋಟಿಂಗಿನ ನಿಯಮಗಳನ್ನು ಬರೆದುಕೊಟ್ಟ ಕಾರ್ಡನ್ನು ಶಾಂತರಾಜು ಭಾನುವಿನ ಕಣ್ಣಿಗೆ ಬೀಳದಂತೆ ಸೀಟಿನ ಕೆಳಗೆ ತಳ್ಳಿ ಗುಂಡ್ಲುಪೇಟೆಯತ್ತ ಹೊರಟ. ತುಂಬಿದ ಕೊಡ ಹೊತ್ತವಳ ನಡಿಗೆಯಲ್ಲಿ ಕಾರು ಸಾಗಿತು. ಈರುಳ್ಳಿ ಲಾರಿಯೊಂದು ಮುಂದೆ ಹೋಗಿ ಸಿಪ್ಪೆ ಹಾರಿಸಿದಾಗ, ಸಿಪ್ಪೆಗೆ ದಾರಿಬಿಡಲು ಪಕ್ಕಕ್ಕೆ ನಿಲ್ಲಿಸಿದ. ತೆರಕಣಾಂಬಿಯಲ್ಲಿ ತಾಯಿಗೆ ಟೀ ಬೇಕಾಯಿತು. ನಿಲ್ಲಿಸೋಣವೆಂದರೆ ಎಲ್ಲಿ ಮರವಿಲ್ಲವೋ ಅಲ್ಲಿ ಬಿಸಿಲು, ಎಲ್ಲಿ ಬಿಸಿಲಿಲ್ಲವೋ ಅಲ್ಲಿ ಮರ, ಮರದ ತುಂಬ ಕಾಗೆ. ಕೊನೆಗೆ ಬಿಸಿಲಲ್ಲೇ ನಿಲ್ಲಿಸಿ, ಅವನೂ ಮಹಾಲಿಂಗನೂ ತಾಯಿಯ ಶಾಲನ್ನು ಬಾನೆಟ್ಟಿನ ಮೇಲೆ ಚಪ್ಪರದಂತೆ ಎತ್ತಿ ಹಿಡಿದುಕೊಂಡರು.

ದಾರಿಹೋಕನೊಬ್ಬ ಹತ್ತಿರ ಬಂದು, “ಒಳಗೆ ಯಾರ್ಗಾರ ಉಸಾರಿಲ್ವಾ?” ಎಂದು ಕೇಳಿದ.

“ಇಲ್ಲ, ಗಾಡಿಗೆ,” ಎಂದ ಮಹಾಲಿಂಗ.

ಮನೆ ಮುಟ್ಟಿದಾಗ ಎದುರು ಮನೆಯ ದೊಡ್ಡಬೀರಯ್ಯ ಜಗಲಿಯಿಂದ ಎದ್ದು ಬಂದರು. ಮೂವತ್ತು ವರ್ಷ ಲಾರಿಗಳಿಗೆ ಬಣ್ಣ ಹೊಡೆದ ಕೈ ಅವರದು. ಕಾರನ್ನು ಸುತ್ತು ಹಾಕಿ, ಮೂಗು ಹತ್ತಿರ ತಂದು ನೋಡಿದರು.

“ಕೋಟಿಂಗು ಗೀಟಿಂಗು ಅಂತ ದುಡ್ ಸುರ್ದು ಬಂದಿಯಾ?”

ಮಹಾಲಿಂಗ ಬಾಯಿ ತೆರೆಯುವಷ್ಟರಲ್ಲಿ ಶಾಂತರಾಜು ಅವನ ಕಾಲು ತುಳಿದ. “ಇಲ್ಲ ಬೀರಯ್ಯಣ್ಣ.”

“ಬುದ್ವಂತ ಕಣ ನೀನು. ಬಣ್ಣದ ಮ್ಯಾಲೆ ಕಂಪ್ನಿಯೋರೆ ಒಂದ್ ಕೋಟು ಹೊಡ್ದಿರ್ತರೆ. ಅದ್ರ ಮ್ಯಾಲೆ ಇವ್ರುದ್ ಇನ್ನೊಂದು. ಕಂಬಳಿ ಮ್ಯಾಲೆ ಕೊಡೆ ಇಡ್ದಂಗೆ. ತಡಿ, ಒಂದ್ ಬಕೀಟು ನೀರ್ ತತ್ತಿನಿ, ಧೂಳ್ ತೊಳ್ದ್ಬುಡನ.”

“ಏಳು ದಿನ ನೀರು ಮುಟ್ಟಿಸೋ ಹಂಗಿಲ್ಲ,” ಎಂದು ಶಾಂತರಾಜು ಬಕೀಟಿಗೆ ಅಡ್ಡ ನಿಂತ. ಬೀರಯ್ಯ ಕಣ್ಣು ಕಿರಿದು ಮಾಡಿದರು. “ಅವ್ವನ ಹರಕೆ,” ಎಂದ.

“ನಾನ್ಯಾವಾಗ್ಲಾ ಅರ್ಕೆ ಕಟ್ಕಂಡಿ?” ಎಂದರು ಚಿಕ್ಕಮಾದಮ್ಮ. ಮಗನ ಮುಖ ನೋಡಿ ಅನುಮಾನವಾಯಿತು. “ಕಟ್ಕಂಡಿದ್ರೂ ಕಟ್ಕಂಡಿರ್ಬೋದು ಬುಡು. ಈಗೀಗ ಯಾವ್ದೂ ಗ್ಯಾಪ್ನ ಇರದಿಲ್ಲ.”

ಐದು ಗಂಟೆಗೆ ಭಾನು ಬಂದಳು. ಕೈಯಲ್ಲಿ ದಾರ ಕಟ್ಟಿದ ಮೈಸೂರ್ ಪಾಕಿನ ಪೊಟ್ಟಣ. ಕಾರಿಗಿಂತ ಮೊದಲು ಗಂಡನನ್ನು ನೋಡಿದಳು. ಓಟದಲ್ಲಿ ಗೆದ್ದು ಬಂದ ಮಗುವನ್ನು ನೋಡುವ ಹಾಗೆ. ಶಾಂತರಾಜು ಟೈರು ನೋಡುತ್ತ ನಿಂತ. ಅವಳು ಆರತಿ ಎತ್ತಿದಳು. ಚಿಕ್ಕಮಾದಮ್ಮ ಹೇಳಿದರು:

“ಬಾಗ್ಲು ಮುಟ್ತಲ್ಲ, ಇನ್ ಒರ್ಸ್ಬುಡವ್ವ ಆ ಕೈಯ.”

ಭಾನು ಒಣಬಟ್ಟೆಯಿಂದ ಒರೆಸಿದಳು. ಹೋಗಲಿಲ್ಲ. ಒದ್ದೆ ಮಾಡಿ ಒರೆಸಿದಳು. ನೀರು ತಾಗುತ್ತಿದ್ದಂತೆ ಶಾಂತರಾಜು ಕಣ್ಣು ಮುಚ್ಚಿಕೊಂಡ. ಕೈ ಹಾಗೇ ಇತ್ತು. ಶಾಂಪೂ ಬಂತು, ಕೊಬ್ಬರಿ ಎಣ್ಣೆ ಬಂತು, ಬೀರಯ್ಯನವರ ಮನೆಯಿಂದ ಸೀಮೆಎಣ್ಣೆಯೂ ಬಂತು. ಉಜ್ಜಿದಷ್ಟೂ ಅದು ಹೊಳೆಯಿತು. ಬೀರಯ್ಯ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ, ಎದ್ದು ನಿಂತರು.

“ಇದು ಮ್ಯಾಲಿಲ್ಲ ಕಣವ್ವ, ಒಳಗದೆ. ಗಾಜಿನ್ ಕೆಳ್ಗೆ ಪೋಟ ಇಟ್ಟಂಗೆ.”

“ಯಾವುದರ ಒಳಗೆ?” ಎಂದಳು ಭಾನು.

ಮೂರು ಗಂಟೆಯಿಂದ ಬಾಯಿ ಕಟ್ಟಿಕೊಂಡಿದ್ದ ಮಹಾಲಿಂಗನಿಗೆ ಇನ್ನು ತಡೆಯಲಾಗಲಿಲ್ಲ. “ನೋಡಿದ್ರಾ, ಕೋಟಿಂಗು ಅಂದ್ರೆ ಇದು! ಸೀಮೆಣ್ಣೆಗೂ ಜಗ್ನಿಲ್ಲ!”

ಭಾನು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಕೀಟಿನ ಅಂಚಿಗೆ ಹಾಕಿದಳು.

“ಬೇಡ ಅಂದೆ ಅಂದ್ರಲ್ಲ.”

“ಅನ್ನೋಕೇ ಹೋದೆ.”

“ಆಮೇಲೆ?”

“ಹೂಂ ಆಗೋಯ್ತು.”

ಅವಳು ಸಿಹಿಯ ಪೊಟ್ಟಣದ ದಾರವನ್ನು ಇನ್ನಷ್ಟು ಬಿಗಿದಳು. ಬೈಯಲಿಲ್ಲ, ಅಳಲಿಲ್ಲ. “ಶಾಲೆಗೆ ಬಸ್ಸಲ್ಲೇ ಹೋಗ್ತೀನಿ ಬಿಡಿ ನಾನು,” ಎಂದಳು. ಆ ಮಾತು ಶಾಂತರಾಜುವಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಶೋರೂಮಿನದು. ಭಾನು ಅದನ್ನು ಕಿತ್ತುಕೊಂಡು, ಎಲ್ಲರಿಗೂ ಕೇಳುವಂತೆ ಮಾಡಿ ಅವನ ಬಾಯಿಯ ಮುಂದೆ ಹಿಡಿದಳು. “ಇನ್ನೇನೋ ಮಾರೋಕೆ ಫೋನ್ ಮಾಡಿದಾರೆ,” ಎಂದು ಪಿಸುಗುಟ್ಟಿದಳು. “ಏನು ಕೇಳಿದ್ರೂ ಬೇಡ ಅನ್ನಿ. ನಾನೂ ಕೇಳಿಸ್ಕೋತೀನಿ. ಇದೇ ಕೊನೇ ಸಲ.”

“ನಮಸ್ಕಾರ ಸರ್,” ಎಂದಿತು ಹುಡುಗಿಯೊಬ್ಬಳ ಸಕ್ಕರೆಯಂಥ ದನಿ. “ಈ ಕರೆ ದಾಖಲಾಗ್ತಾ ಇದೆ. ಇವತ್ತು ಹಾಕಿದ ಕೋಟಿಂಗ್ ವಿಚಾರದಲ್ಲಿ ನಿಮಗೆ ಒಂದು ವಿಶೇಷ ಅವಕಾಶ ಇದೆ ಸರ್, ಅದನ್ನ...”

ಶಾಂತರಾಜು ಕಣ್ಣು ಮುಚ್ಚಿದ. ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ, ಗಂಟಲಿನಿಂದ ನಾಲಿಗೆಗೆ.

“ಬೇಡ.”

ಭಾನುವಿನ ಕಣ್ಣರಳಿತು.

“ಪೂರ್ತಿ ಕೇಳಿ ಸರ್, ಇದು ನಿಮ್ಮ ಒಳ್ಳೇದಕ್ಕೇ...”

“ಬೇಡ ಅಂದ್ನಲ್ಲ.” ಎರಡನೆಯ ಸಲ ಅದು ಎಷ್ಟು ಸಲೀಸಾಗಿತ್ತೆಂದರೆ ಅವನಿಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ಇದಕ್ಕೆ ಹೆದರಿದ್ದೆನೆ?

“ಖಂಡಿತ ಬೇಡ್ವಾ ಸರ್?”

“ಖಂಡಿತ ಬೇಡ. ನಾಳೆಗೂ ಬೇಡ, ನಾಡಿದ್ದಿಗೂ ಬೇಡ.”

“ಬುಡಬ್ಯಾಡ ಕಣ್ಲಾ!” ಎಂದರು ಬೀರಯ್ಯ. ಭಾನು ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಪೊಟ್ಟಣದ ದಾರ ಬಿಚ್ಚತೊಡಗಿದಳು.

“ಸರಿ ಸರ್, ಹಾಗೇ ಬರ್ಕೊಂಡೆ,” ಎಂದಳು ಹುಡುಗಿ. “ಮಾರಯ್ಯನವರು ಗುರುತು ಒರೆಸದೆ ಅದರ ಮೇಲೇ ಕೋಟಿಂಗ್ ಹಾಕಿದ್ದು ನಮ್ಮ ಮ್ಯಾನೇಜರ್ ಗಮನಕ್ಕೆ ಬಂತು. ಅದನ್ನ ಪುಕ್ಕಟೆ ತೆಗೆದು, ನಿಮ್ಮ ಹಣ ಪೂರ್ತಿ ವಾಪಸ್ ಕೊಡೋಣ ಅಂತ ಕೇಳೋಕೆ ಕರೆ ಮಾಡಿದ್ದೆ. ನೀವು ಬೇಡ ಅಂದ್ರಲ್ಲ. ದಾಖಲಾದ ಮೇಲೆ ಬದಲಾಯಿಸೋಕೆ ಆಗಲ್ಲ ಸರ್. ಐದು ವರ್ಷ ನಿಶ್ಚಿಂತೆಯಿಂದಿರಿ. ಶುಭ ಸಂಜೆ.”

ಫೋನು ಸುಮ್ಮನಾಯಿತು. ಬೀರಯ್ಯ ಕೆಮ್ಮಿ, ಸೀಮೆಎಣ್ಣೆ ಬಾಟಲಿ ಎತ್ತಿಕೊಂಡು ಮನೆಯ ಕಡೆ ನಡೆದರು. ಮಹಾಲಿಂಗನಿಗೆ ಇದ್ದಕ್ಕಿದ್ದಂತೆ ಏನೋ ಕೆಲಸ ನೆನಪಾಯಿತು.

ಭಾನು ಕೆಂಪು ಕೈಯನ್ನೊಮ್ಮೆ ನೋಡಿ, ದಾರವನ್ನು ಪೂರ್ತಿ ಬಿಚ್ಚಿದಳು. ಆಮೇಲೆ ಪೊಟ್ಟಣದಿಂದ ಒಂದು ತುಂಡು ತೆಗೆದು ಗಂಡನ ಮುಂದೆ ಹಿಡಿದಳು.

“ತಗೊಳ್ಳಿ. ಅಂತೂ ಅಂದ್ರಲ್ಲ.”

ಅದು ಮೆಚ್ಚುಗೆಯೋ ಮತ್ತೊಂದೋ ಶಾಂತರಾಜುವಿಗೆ ತಿಳಿಯಲಿಲ್ಲ. ಅವಳ ಮುಖದಲ್ಲಿ ಹುಡುಕಿದ; ಅಲ್ಲಿಯೂ ಬರೆದಿರಲಿಲ್ಲ. ‘ಹೂಂ’ ಎನ್ನಬೇಕೋ ‘ಬೇಡ’ ಎನ್ನಬೇಕೋ ಗೊತ್ತಾಗದೆ ಬಾಯಿ ತೆರೆದುಕೊಂಡು ನಿಂತ.

ಚಿಕ್ಕಮಾದಮ್ಮ ಬಾನೆಟ್ಟಿನ ಬಳಿಗೆ ಬಂದು, ತಮ್ಮ ಅಂಗೈಯನ್ನು ಆ ಅಚ್ಚಿನ ಮೇಲೆ ಸರಿಯಾಗಿ ಕೂರಿಸಿ ನೋಡಿದರು.

“ಐದ್ ವರ್ಸ ಅಳಿಸದಿಲ್ವಂತಾ?” ಎಂದರು. “ಮೊದ್ಲೇ ಏಳಿದ್ರೆ ಇನ್ನೊಂದ್ ಕೈಯನೂ ಒತ್ತಿರ್ತಿದ್ನಲ್ಲ ಮಗ.”