ದೊಡ್ಡಪ್ಪನ ಎಡೆಗೆ ಸೀಕು

ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು ಅನ್ನುತ್ತಾರೆ. ಸತ್ತವರು ನಿಜವಾಗಿಯೂ ಒಳ್ಳೆಯವರಾಗಿದ್ದರೆ ಅದೆಷ್ಟು ಕಷ್ಟ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನಗೊಬ್ಬ ಸೋದರಮಾವ ಇದ್ದರು. ಕುಡಿತ, ಇಸ್ಪೀಟು, ಊರಿಗೆಲ್ಲ ಜಗಳ. ಅವರ ತಿಥಿಯ ದಿನ ಊಟ ಮುಗಿದು ಎಲೆ ಎತ್ತಿ, ಶಾಮಿಯಾನ ಬಿಚ್ಚುವವರು ಬಂದು ನಿಂತರೂ ಅವರ ಕಥೆ ಮುಗಿದಿರಲಿಲ್ಲ. ನಗುವವರು ನಗುತ್ತಿದ್ದರು, ಅಳುವವರು ಅಳುತ್ತಿದ್ದರು. ಅದೇ ನಮ್ಮ ದೊಡ್ಡಪ್ಪ ತೀರಿಕೊಂಡಾಗ, ಕಾಲೇಜು ಮೇಷ್ಟ್ರು ಅನ್ನುವ ಒಂದೇ ತಪ್ಪಿಗೆ ‘ನೀನು ಎರಡು ಮಾತಾಡಪ್ಪ’ ಎಂದು ನನ್ನನ್ನು ನಿಲ್ಲಿಸಿದರು. ‘ಅವರು ಒಳ್ಳೆಯವರು’ ಅಂದೆ. ‘ತುಂಬಾ ಒಳ್ಳೆಯವರು’ ಅಂದೆ. ಎರಡು ಮಾತೂ ಮುಗಿದವು. ಕೂತುಕೊಂಡೆ.

ದೊಡ್ಡಪ್ಪನದು ಗಾವಡಗೆರೆ ಕಡೆಯ ಒಂದು ಹಳ್ಳಿ. ತೊಂಬತ್ತರ ಆಸುಪಾಸಿನ ತನಕ ಬದುಕಿದ್ದರು. ಅಷ್ಟು ಉದ್ದದ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಒಂದೂ ಮಾಡಲಿಲ್ಲ. ಹೊಗೆಸೊಪ್ಪು ಬೆಳೆದರು, ಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಕೂತು ಸೌದೆ ಒಟ್ಟಿದರು, ಮಕ್ಕಳನ್ನು ಓದಿಸಿದರು, ಮದುವೆ ಮಾಡಿದರು. ಪಿರಿಯಾಪಟ್ಟಣದ ಸಂತೆಗೆ ಬೆಳಿಗ್ಗೆ ಹೋದರೆ ಹೊತ್ತು ಮುಳುಗುವ ಮುಂಚೆ ಮನೆಗೆ ಬಂದು ಬೀಳುತ್ತಿದ್ದರು. ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿಸಿಕೊಳ್ಳಲು ಯಾರಿಂದಲೂ ಆಗಲಿಲ್ಲ. ಮನೆಯವರೆಲ್ಲ ಗಾಡಿ ಮಾಡಿಕೊಂಡು ಮೈಸೂರಿನ ದಸರಾಕ್ಕೆ ಹೊರಟರೆ ಇವರು, ‘ದನ ನೋಡ್ಕಳಕ್ಕೆ ಒಬ್ರು ಬ್ಯಾಡ್ವಾ? ನೀವೋಗ್ಬನ್ನಿ, ನಂಗೆ ಆ ಗದ್ಲ ಆಗಾಕಿಲ್ಲ’ ಅನ್ನುತ್ತಿದ್ದರು. ಅವರಿಗೆ ದಸರಾ ಆಗುವುದಿಲ್ಲ ಎಂದು ನಾವೆಲ್ಲ ನಂಬಿಬಿಟ್ಟೆವು. ನಂಬುವುದು ಅನುಕೂಲವೂ ಆಗಿತ್ತು, ಗಾಡಿಯಲ್ಲಿ ಒಂದು ಸೀಟು ಉಳಿಯುತ್ತಿತ್ತು.

ನನ್ನ ಭಾಷಣ ಕೆಟ್ಟಿದ್ದು ದೊಡ್ಡ ವಿಷಯವಲ್ಲ. ನಿಜವಾದ ಫಜೀತಿ ಎಡೆಯದು. ನಮ್ಮ ಕಡೆ ತಿಥಿಯ ದಿನ, ತೀರಿಕೊಂಡವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆಗೆ ಬಡಿಸಿ ಅವರ ಫೋಟೋ ಮುಂದೆ ಎಡೆ ಇಡುತ್ತೇವೆ. ಆಮೇಲೆ ಬಾಗಿಲು ಮುಂದಕ್ಕೆ ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ, ಅವರು ಬಂದು ಸಂಕೋಚವಿಲ್ಲದೆ ಉಣ್ಣಲಿ ಎಂದು. ಅವರು ಉಂಡ ಮೇಲೆಯೇ ನೆಂಟರ ಪಂಕ್ತಿ. ಸೋದರಮಾವನ ಎಡೆ ಎಷ್ಟು ಸುಲಭವಿತ್ತು ನೋಡಿ: ನಾಟಿಕೋಳಿ ಸಾರು, ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಕಣ್ಣು ಮುಚ್ಚಿಕೊಂಡು ಇಡಬಹುದಿತ್ತು. ದೊಡ್ಡಪ್ಪನಿಗೆ ಏನಿಷ್ಟ ಎಂದು ಕೇಳಿದರೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಮ್ಮನದು ಅವತ್ತು ಒಂದೇ ಹಟ. ‘ಇದೊಂದ್ಸಲನಾರ ಅವ್ರಿಗೆ ಇಷ್ಟವಾದ್ದ ಇಕ್ಬೇಕು’ ಎಂದು ಹೇಳಿ ಕಂಬಕ್ಕೆ ಒರಗಿ ಕೂತಿದ್ದರು.

ಹಿರಿಯ ಮಗ ಸ್ವಾಮಿ, ‘ಅಪ್ಪಂಗೆ ಮೈಸೂರುಪಾಕು. ಹುಣಸೂರಿಗೆ ಹೊಗೆಸೊಪ್ಪು ಹಾಕಕ್ಕೆ ಹೋದಾಗೆಲ್ಲ ತರ್ತಿರ್ಲಿಲ್ವಾ?’ ಅಂದ. ಎಚ್.ಡಿ. ಕೋಟೆಗೆ ಕೊಟ್ಟಿರುವ ಮಗಳು ರತ್ನ ಅಲ್ಲೇ ಹಿಡಿದಳು: ‘ತತ್ತಿದ್ದುದ್ದು ಅವ್ರು, ತಿಂತಿದ್ದೋನು ನೀನು ಕಣಣ್ಣ. ಅಪ್ಪಂಗೆ ಮೀನಿನ ತಲೆ. ನಮ್ಮನೆಗೆ ಬಂದಾಗೆಲ್ಲ ಕೇಳಿ ಆಕಿಸ್ಕತ್ತಿದ್ರು.’ ‘ನಡುಮಧ್ಯದ ತುಂಡು ನಿನ್ ಮಕ್ಳಿಗೆ ಸಿಕ್ಲಿ ಅಂತ ಕಣವ್ವ ತಲೆ ಕೇಳ್ತಿದ್ದುದ್ದು’ ಅಂದ ಸ್ವಾಮಿ. ಕಾಲೇಜಿಗೆ ಹೋಗುವ ಮೊಮ್ಮಗಳು, ತಾತನಿಗೆ ಮೊಮೊ ಇಷ್ಟ, ಟಿಬೆಟಿನವರ ಹೋಟೆಲುಗಳಿರುವ ಕೊಪ್ಪಕ್ಕೆ ತನ್ನನ್ನು ಕರೆದುಕೊಂಡು ಹೋಗುತ್ತಿದ್ದರು ಎಂದಳು. ವಿಚಾರಿಸಿದರೆ, ಇವಳು ಮೊಮೊ ತಿನ್ನುವಷ್ಟು ಹೊತ್ತೂ ತಾತ ಎದುರಿಗೆ ಕೂತು ಬರೀ ಟೀ ಕುಡಿಯುತ್ತಿದ್ದರಂತೆ. ನಾನೂ ಸುಮ್ಮನಿರಲಾರದೆ, ‘ನಮ್ಮನೆ ಕಾಫಿ ಅಂದ್ರೆ ದೊಡ್ಡಪ್ಪನಿಗೆ ಪ್ರಾಣ’ ಎಂದೆ. ನನ್ನ ಹೆಂಡತಿ, ‘ನಮ್ಮನೆ ಕಾಫೀನ? ಪಾಪ, ಅವರು ದೊಡ್ಡ ಮನುಷ್ಯರು’ ಎಂದಳು. ಆ ಕಾಫಿ ಮಾಡುವವಳು ಅವಳೇ ಆದ್ದರಿಂದ ನಾನು ವಾದ ಮುಂದುವರಿಸಲಿಲ್ಲ.

ಕೊನೆಗೆ ಎಲ್ಲರೂ ಒಪ್ಪಿದ್ದು ಒಂದೇ: ಸೀಕು. ಮುದ್ದೆ ಮಾಡುವಾಗ ಪಾತ್ರೆಯ ತಳಕ್ಕೆ ಹತ್ತಿಕೊಂಡು ಕರಿಕಲಾಗುತ್ತದಲ್ಲ, ಅದು. ದೊಡ್ಡಪ್ಪ ಯಾವತ್ತೂ ಎಲ್ಲರದೂ ಆದ ಮೇಲೆ ಊಟಕ್ಕೆ ಕೂತು, ‘ಸೀಕ ಕೆರೆದು ನಂಗಾಕ್ಬುಡಿ’ ಅನ್ನುತ್ತಿದ್ದರು. ಇದಕ್ಕೆ ಮನೆಮಂದಿಯೆಲ್ಲ ಸಾಕ್ಷಿ. ಸರಿ, ಸೀಕು ಮಾಡುವುದು ಎಂದಾಯಿತು. ಆದರೆ ಸೊಸೆ ಜಯ ಹುಟ್ಟಿದಾರಭ್ಯ ಏನನ್ನೂ ಸೀಯಿಸಿದವಳಲ್ಲ. ಕೆ.ಆರ್. ನಗರದ ಅವಳ ತವರಿನವರು ಇದನ್ನು ಮದುವೆ ಮಾತುಕತೆಯಲ್ಲೇ ಹೇಳಿದ್ದರು. ಮನೆಯಲ್ಲಿದ್ದ ಪಾತ್ರೆಯೂ ಏನನ್ನೂ ಅಂಟಿಸಿಕೊಳ್ಳದ ಹೊಸ ನಮೂನೆಯದು. ಅಟ್ಟದಿಂದ ಹಳೇ ಪಾತ್ರೆ ಇಳಿಸಿದರು. ಜಯ ಕೋಲು ಆಡಿಸದೆ ಕೈಕಟ್ಟಿಕೊಂಡು ನಿಂತಳು. ಹೊಟ್ಟೆ ಹಸಿದ ನೆಂಟರು ಒಬ್ಬೊಬ್ಬರಾಗಿ ಅಡುಗೆಮನೆಗೆ ಇಣುಕಿ, ‘ಇನ್ನೂ ಸೀದಿಲ್ವಾ?’ ಎಂದು ಕೇಳತೊಡಗಿದರು. ಪಕ್ಕದ ಮನೆಯಾಕೆ ಓಡಿಬಂದು, ‘ಅಯ್ಯೋ, ಇಟ್ಟು ಸೀಯ್ತಾ ಅದಲ್ರವ್ವಾ, ಒಲೆ ಕಡೆ ಗ್ಯಾನ ಬ್ಯಾಡ್ವಾ?’ ಎಂದು ಕೂಗಿದರೆ, ಸ್ವಾಮಿ ಅವರನ್ನೇ ಗದರಿ ಕಳಿಸಿದ.

ಅಂತೂ ತಟ್ಟೆಯ ತುಂಬ ಸೀಕು ಬಂತು. ದೊಡ್ಡಮ್ಮ ಬಗ್ಗಿ ನೋಡಿದರು.

‘ಇದೇನವ್ವ?’

‘ಸೀಕು ಕಣತ್ತೆ. ಮಾವಂಗೆ ಇಷ್ಟ ಅಲ್ವಾ?’

‘ಇಷ್ಟ?’ ಎಂದ ದೊಡ್ಡಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು: ‘ನಾನು ಹೊಸದಾಗಿ ಬಂದಾಗ ಒಂದಿನ ಇಟ್ಟು ಸೀದೋಗಿತ್ತು. ತಟ್ಟೆ ಎತ್ತಿ ಅಂಗ್ಳಕ್ಕೆ ಎಸೆದ್ರು ಕಣವ್ವ ನಿಮ್ಮಾವ. ನಾಯೂ ಮೂಸ್ನಿಲ್ಲ. ಆಮೇಕೆ ಮಕ್ಳಾದೊ. ಇವು ಸೀಕ ಕಂಡ್ರೆ ರಚ್ಚೆ ಇಡಿಯವು. ಆಗ ಸುರು ಮಾಡುದ್ರು, ನಂಗಾಕು ನಂಗಿಷ್ಟ ಅಂತ. ಆಡಿದ್ ಸುಳ್ಳ ಬುಡಕ್ಕಾಗ್ದೆ ಕೊನೆಗಂಟ ತಿಂದ್ರು.’

‘ನಿಂಗೊತ್ತಿತ್ತಾ? ಮತ್ಯಾಕವ್ವ ನಮಗೆ ಹೇಳ್ಲಿಲ್ಲ?’ ಎಂದ ಸ್ವಾಮಿ.

‘ಏಳಿದ್ರೆ ಸೀಕ ನೀ ತಿಂತಿದ್ಯೇನ್ಲಾ?’

ನನಗೆ ಒಮ್ಮೆಲೇ ಅಳು ಬಂತು, ಜೊತೆಗೆ ನಗುವೂ ಬಂತು. ರತ್ನ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಅಂಗಾರೆ ಅಪ್ಪಂಗೆ ಏನಿಷ್ಟ ಇತ್ತವ್ವ?’ ಎಂದಳು. ‘ಮೊದಲ್ನೇ ಮುದ್ದೆ’ ಅಂದರು ದೊಡ್ಡಮ್ಮ. ‘ಹಬೆ ಆಡೋ ಮುದ್ದೆ. ಮದ್ವೆಯಾದ ಹೊಸದ್ರಲ್ಲಿ ಒಲೆ ಪಕ್ಕದಲ್ಲೇ ಕೂತು ಉಣ್ಣೋರು. ಆಮ್ಯಾಕೆ ಅವ್ರ ಸರದಿಗೆ ಎಲ್ಲಾ ಆರೋಗಿರದು.’

ಆ ವಯಸ್ಸಿನಲ್ಲಿ ಅವರೇ ಎದ್ದು ಒಲೆಯ ಮುಂದೆ ಕೂತರು. ಜಯ ಹಿಟ್ಟು ತಿರುವಿದಳು, ದೊಡ್ಡಮ್ಮ ಸುಡುಸುಡು ಮುದ್ದೆಯನ್ನು ತಾವೇ ಕಟ್ಟಿ, ಉಪ್ಪುಸಾರಿನ ಜೊತೆ ಎಲೆಗಿಟ್ಟರು. ಬೇರೆ ಏನನ್ನೂ ಇಡಗೊಡಲಿಲ್ಲ. ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಂತೆವು. ಸ್ವಲ್ಪ ಹೊತ್ತಿಗೆ ಹಸಿದ ನೆಂಟರ ಕಡೆ ನೋಡಿ ಸ್ವಾಮಿ, ‘ಬಾಗ್ಲು ತೆಗೀಲೇನವ್ವ?’ ಎಂದ. ‘ತಡ್ಕಳ್ಳಾ’ ಅಂದರು ದೊಡ್ಡಮ್ಮ. ‘ಬಿಸಿ ಅದೆ, ಊದ್ಕಂಡು ಉಣ್ಲಿ. ಇವತ್ತಾರ ಅವಸ್ರ ಮಾಡ್ಬೇಡಿ.’

ಆಮೇಲೆ ಪಂಕ್ತಿ ಕೂತಿತು. ಅಷ್ಟು ಕಷ್ಟಪಟ್ಟು ಮಾಡಿದ ಸೀಕಿನ ತಟ್ಟೆ ಹಾಗೇ ಉಳಿದಿತ್ತು. ಯಾರ ಮುಂದೆ ಹಿಡಿದರೂ ಬೇಡ ಎಂದು ಕೈ ಅಡ್ಡ ಹಿಡಿದರು. ಆ ಮನೆಯಲ್ಲಿ ಸೀಕು ತಿನ್ನುವವರು ಇನ್ನಿಲ್ಲ ಅನ್ನುವುದು ನನಗೆ ಅರ್ಥವಾದದ್ದು ಆಗಲೇ. ನನ್ನ ಎದೆ ಉಕ್ಕಿ ಬಂತು. ‘ನನಗೆ ಹಾಕಿ, ನನಗಿಷ್ಟ’ ಎಂದೆ, ಪಂಕ್ತಿಯ ಆ ತುದಿಗೂ ಕೇಳುವ ಹಾಗೆ. ಹಾಕಿದರು. ಕಹಿಯೆಂದರೆ ಕಹಿ. ಗಂಟಲಿನಿಂದ ಇಳಿಯದೆ ಎರಡು ಲೋಟ ನೀರು ಕುಡಿದೆ. ಉಳಿದದ್ದನ್ನು ಪಾಯಸದ ದೊನ್ನೆಯ ಕೆಳಗೆ ಸರಿಸಿ ಎಲೆ ಮಡಚಿದೆ. ಜಯ ಮತ್ತೆ ತಟ್ಟೆ ಹಿಡಿದು ಬರುತ್ತಿರುವುದು ಕಂಡು ಕೈ ತೊಳೆಯಲು ಎದ್ದೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಹೆಂಡತಿಗೆ ಅದನ್ನೇ ಹೇಳುತ್ತಾ ಬಂದೆ. ಸೀಕು ಎಷ್ಟು ಕಹಿ, ಯಾರೂ ಮುಟ್ಟದಿದ್ದಾಗ ನಾನೊಬ್ಬನೇ ಹೇಗೆ ಕೇಳಿ ಹಾಕಿಸಿಕೊಂಡೆ, ತ್ಯಾಗ ಅನ್ನುವುದು ನಮ್ಮ ವಂಶದ ರಕ್ತದಲ್ಲೇ ಹೇಗೆ ಬಂದಿದೆ ಎಂದು. ಹುಣಸೂರಿನಲ್ಲಿ ಅವಳು ಬೈಕಿನಿಂದ ಇಳಿದು ಸೀರೆ ಸರಿಮಾಡಿಕೊಳ್ಳುತ್ತಾ, ‘ಒಂದು ತುತ್ತು ತಾನೆ ತಿಂದಿದ್ದು?’ ಎಂದಳು. ಮನಸ್ಸಿಗೆ ಬಹಳ ನೋವಾಯಿತು. ಅದಕ್ಕೇ ಇದನ್ನು ಬರೆದು ಇಡುತ್ತಿದ್ದೇನೆ. ನಾನು ತಿಂದದ್ದು ಒಂದಲ್ಲ, ಎರಡು ತುತ್ತು.